ಮನೆತನದ ಗುಟ್ಟು, ಮೇಳದ ಬಾಳು

1100ರಲ್ಲಿ ಕ್ಯೋಟೊದ ಆಸ್ಥಾನ ಕಲಾವಿದ ಓ ನೊ ಸುಕೆತದ ಮತ್ತು ಅವನ ಒಬ್ಬ ಮಗ ಕೊಲೆಯಾದರು. ಕಗುರ ಎಂಬ ದೇವಗಾನದ ರಹಸ್ಯ ಹಾಡುಗಳು ಅವರ ಮನೆತನದ ಸೊತ್ತು. ಅಪ್ಪನಿಂದ ಅದನ್ನು ಪೂರ್ತಿ ಕಲಿಯದೆ ಉಳಿದ ಇನ್ನೊಬ್ಬ ಮಗ ತದಕತ. ಅವನಿಗೆ ಆ ಹಾಡುಗಳನ್ನು ಹೇಳಿಕೊಟ್ಟವನು ಸ್ವತಃ ಚಕ್ರವರ್ತಿ ಹೊರಿಕಾವ. ಸುಕೆತದನ ಬಳಿ ಅವನು ಮೊದಲೇ ಪಾಠ ಹೇಳಿಸಿಕೊಂಡಿದ್ದ.

ಮದ್ದಳೆ ಬಾರಿಸುತ್ತಲೇ ತಲೆ ನರೆಸಿಕೊಂಡ ನನಗೆ ಈ ಕತೆ ದೂರದ್ದೆನಿಸಲಿಲ್ಲ. ಕೈಯ ನುಡಿತವನ್ನು ಮಗನಿಗೆಂದೇ ಕಟ್ಟಿಟ್ಟು, ಮಗ ಒಲ್ಲೆನೆಂದಾಗ ತಾವೇ ಕೊಂಡುಹೋದ ಹಿರಿಯರು ಕರಾವಳಿಯಲ್ಲೂ ಇದ್ದರು.

ಜಪಾನಿನ ಆಸ್ಥಾನ ಮೇಳದ ಹೆಸರು ಗಗಾಕು. 701ರ ಕಾಯಿದೆ ಇದಕ್ಕೊಂದು ಸರ್ಕಾರಿ ಇಲಾಖೆಯನ್ನೇ ಕೊಟ್ಟಿತು. ಚೀನಾ, ಕೊರಿಯಾಗಳಿಂದ ಬಂದ ವಾದ್ಯಗಳು ಒಟ್ಟು ಸೇರಿದವು. 752ರಲ್ಲಿ ನಾರಾದ ಮಹಾಬುದ್ಧನ ಕಣ್ಣು ಬರೆದ ಸಮಾರಂಭದಲ್ಲಿ ಕುಂಚ ಹಿಡಿದವನು ಭಾರತದ ಭಿಕ್ಷು ಬೋಧಿಸೇನ. ಅಂದು ಅಲ್ಲಿ ನುಡಿದದ್ದೂ ಇಂಥ ಮೇಳಗಳೇ.

ಈ ಮೇಳಕ್ಕೆ ಕೋಲು ಬೀಸುವ ನಿರ್ದೇಶಕನಿಲ್ಲ. ಕಕ್ಕೊ ಎಂಬ ಪುಟ್ಟ ಮದ್ದಳೆಯವನು ಕಾಲ ಹಿಡಿಯುತ್ತಾನೆ. ರ್ಯೂತೆಕಿ ಕೊಳಲು ಒಂಟಿಯಾಗಿ ಎತ್ತಿಕೊಟ್ಟ ಮೇಲೆ ಹಿಚಿರಿಕಿ, ಶೋ ಕೂಡಿಕೊಳ್ಳುತ್ತವೆ. ಆಮೇಲೆ ಬಿವಾ, ಕೊತೊಗಳ ತಂತಿ. ಶೋದಲ್ಲಿ ಹದಿನೇಳು ಬಿದಿರ ಕೊಳವೆ. ಉಸಿರು ಬಿಟ್ಟರೂ ಎಳೆದರೂ ನಾದ. ಆ ಉಸಿರು ತಿರುಗುವ ಜಾಗವೇ ಉಳಿದವರಿಗೆ ಗುರುತು. ವಾದ್ಯ ಮುಟ್ಟುವ ಮೊದಲು ತೊಡೆ ತಟ್ಟುತ್ತಾ ಬಾಯಲ್ಲಿ ಹಾಡಿ ಕಲಿಯಬೇಕು. ನಮ್ಮ ಬಾಯಿತಾಳದ ಪಾಠದಂತೆಯೇ.

ತೊಡಕಿದ್ದದ್ದು ಮನೆತನಗಳಲ್ಲಿ. ಶೋ ತೊಯೊಹರರದ್ದು, ಹಿಚಿರಿಕಿ ಅಬೆಯವರದ್ದು. ಒಬ್ಬರ ಗುಟ್ಟು ಇನ್ನೊಬ್ಬರಿಗಿಲ್ಲ. 1467ರಿಂದ 1477ರವರೆಗಿನ ಓನಿನ್ ಯುದ್ಧದಲ್ಲಿ ಕ್ಯೋಟೊ ಉರಿದು ಕಲಾವಿದರು ಚೆದುರಿದಾಗ ಈ ಬಿಗುವಿಗೆ ತಕ್ಕ ಬೆಲೆ ತೆರಬೇಕಾಯಿತು. ಒಂದು ಮನೆ ಬರಿದಾದರೆ ಇಡೀ ಮೇಳ ಕುಂಟುತ್ತದೆ. ಶೋ ವಾದಕ ತೊಯೊಹರ ನೊ ಸುಮಿಅಕಿ ಆಗ ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದಿಡಲು ಕೂತ. 1512ರಲ್ಲಿ ಅವನ 'ತೈಗೆನ್‌ಶೋ' ಮುಗಿಯಿತು. ಮುಂದೆ ನಾರಾ ಮತ್ತು ಒಸಾಕಾದ ಶಿತೆನ್ನೋಜಿ ದೇಗುಲದ ವಾದಕರನ್ನು ಕರೆಸಿ ಅರಮನೆಯ ಮೇಳವನ್ನು ತುಂಬಿಕೊಂಡರು.

1870ರಲ್ಲಿ ಮೆಯಿಜಿ ಸರ್ಕಾರ ಮೂರೂ ಊರಿನವರನ್ನು ಟೋಕಿಯೋದ ಒಂದೇ ಕಚೇರಿಯ ಕೆಳಗೆ ತಂದು, ಮನೆತನದ ಗುಟ್ಟುಗಳಿಗೆ ಕೊನೆ ಹಾಡಿತು. ಒಂದೇ ಕೃತಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ನುಡಿಸುತ್ತಿದ್ದರಲ್ಲ, ಅದಕ್ಕೆ 1876 ಮತ್ತು 1888ರಲ್ಲಿ ಒಮ್ಮತದ ಸ್ವರಲಿಪಿ ಸಿದ್ಧವಾಯಿತು. ಆ ಒಮ್ಮತದಲ್ಲಿ ಊರೂರಿನ ಬಾಣಿಗಳೂ ಸೊರಗಿದವು. ಇದೇ ಜನ 1874ರಿಂದ ಪಾಶ್ಚಾತ್ಯ ವಾದ್ಯಗಳನ್ನೂ ಕಲಿತರು. ಇವತ್ತಿಗೂ ಅರಮನೆಯ ವಾದಕರು ಹಿಚಿರಿಕಿಯ ಜೊತೆ ಪಾಶ್ಚಾತ್ಯ ವಾದ್ಯಕ್ಕೂ ತಯಾರಿರಬೇಕು. ರಾಜಭೋಜನಗಳಲ್ಲಿ ಆರ್ಕೆಸ್ಟ್ರಾ ಅವರದೇ.

ವಾದಕರು ಟೋಕಿಯೋಗೆ ಹೋದ ಮೇಲೆ ಶಿತೆನ್ನೋಜಿ ಬರಿದಾಗಲಿಲ್ಲ. 1884ರಲ್ಲಿ ಊರವರು ಗರ್ಯೋಕಾಯ್ ಎಂಬ ಸಂಘ ಕಟ್ಟಿಕೊಂಡರು. ಪ್ರತಿ ಏಪ್ರಿಲ್ 22ರಂದು ಆಮೆಗಳ ಕೊಳದ ಮೇಲಿನ ಕಲ್ಲಿನ ರಂಗದಲ್ಲಿ ಕುಣಿತಕ್ಕೆ ಹಿಮ್ಮೇಳ ಕೊಡುವವರು ಅವರೇ. ಅದನ್ನು ನೋಡುತ್ತ ನಾನು ಎಣಿಸಿದ್ದು ಇಷ್ಟೆ: ಮನೆತನಗಳು ಕಲೆಯನ್ನು ಬೆಳೆಸಿದ್ದು ನಿಜ, ಆದರೆ ಕಷ್ಟ ಬಂದಾಗಲೆಲ್ಲ ಮೇಳವನ್ನು ಎತ್ತಿ ನಿಲ್ಲಿಸಿದ್ದು ಮನೆಯ ಹೊಸಿಲು ದಾಟಿಹೋದ ಪಾಠವೇ.

ಹಾಗಾಗಿ ನನ್ನಲ್ಲಿ ಮದ್ದಳೆಗೆ ಬರುವ ಹುಡುಗರು ಭಾಗವತಿಕೆಯ ಪದಗಳನ್ನೂ ಹಾಡಿ ಕಲಿಯಬೇಕು. ಹಾಡಲು ಬಂದವರು ಮದ್ದಳೆಗೂ ಕೈ ಹಾಕಬೇಕು. ಒಬ್ಬ ಬಾರದಿದ್ದ ರಾತ್ರಿ ಆಟ ನಿಲ್ಲಬಾರದು.