ಪೂರ್ವಪಕ್ಷದ ಮರ್ಯಾದೆ

ಚನ್ನಪಟ್ಟಣವೆಂದೊಡನೆ ನಮಗೆ ನೆನಪಾಗುವುದು ಬಣ್ಣದ ಬೊಂಬೆಗಳು. ಆ ಊರಿನ ಸಮೀಪದಲ್ಲಿ, ಕಣ್ವಾ ನದಿಯ ದಡದಲ್ಲಿರುವ ಅಬ್ಬೂರಿಗೆ ಬೇರೊಂದು ಬಗೆಯ ಖ್ಯಾತಿಯುಂಟು. ಹದಿನೈದನೆಯ ಶತಮಾನದಲ್ಲಿ ಬ್ರಹ್ಮಣ್ಯತೀರ್ಥರೆಂಬ ಮಾಧ್ವ ಯತಿಗಳು ಅಲ್ಲಿ ನೆಲೆಸಿದ್ದರು. ಅವರ ಬೃಂದಾವನ ಇಂದಿಗೂ ಅಲ್ಲಿದೆ. ಬನ್ನೂರಿನಲ್ಲಿ ಹುಟ್ಟಿದ ಬಾಲಕನೊಬ್ಬ ಅವರಿಂದ ಸಂನ್ಯಾಸ ಪಡೆದು ವ್ಯಾಸತೀರ್ಥರೆನಿಸಿದನು. ಪುರಂದರದಾಸರ ಗುರುಗಳಾದ ವ್ಯಾಸರಾಯರೆಂದು ನಾವು ಬಲ್ಲ ಮಹನೀಯರು ಇವರೇ.

ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದ ಪ್ರಕಾರ ವ್ಯಾಸತೀರ್ಥರು ಮೊದಲು ಕಂಚಿಗೆ ಹೋಗಿ ಅನ್ಯ ದರ್ಶನಗಳನ್ನು ಅಭ್ಯಾಸಮಾಡಿದರು, ಆಮೇಲೆ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿದರು. ಈ ಅನುಕ್ರಮ ಗಮನಾರ್ಹವಾದುದು. ತಾವು ಖಂಡಿಸಬೇಕಾದ ಮತವನ್ನು ಆ ಮತದವರ ಗ್ರಂಥಗಳಿಂದಲೇ ತಿಳಿದುಕೊಳ್ಳಬೇಕೆಂಬ ಶಿಸ್ತು ಅವರ ಬರಹದಲ್ಲೆಲ್ಲ ಕಾಣುತ್ತದೆ.

‘ನ್ಯಾಯಾಮೃತ’ ಅವರ ಪ್ರಸಿದ್ಧ ಗ್ರಂಥ. ಜಗತ್ತು ಮಿಥ್ಯೆಯೆಂಬ ಅದ್ವೈತಿಗಳ ಮಾತನ್ನು ಅವರು ಅಲ್ಲಿ ಪರೀಕ್ಷೆಗೆ ಒಡ್ಡಿದ್ದಾರೆ. ‘ಇದು ತಪ್ಪು’ ಎಂದು ಅವರು ಮೊದಲಿಗೇ ಸಾರಿಬಿಡುವುದಿಲ್ಲ. ‘ಮಿಥ್ಯೆಯೆಂದರೇನು?’ ಎಂದು ಕೇಳುತ್ತಾರೆ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ ಮೊದಲಾದ ಅದ್ವೈತಾಚಾರ್ಯರೇ ಕೊಟ್ಟ ಐದು ಲಕ್ಷಣಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಒರೆಗೆ ಹಚ್ಚುತ್ತಾರೆ. ಆಮೇಲೆ ಒಂದು ತೊಡಕಿನ ಪ್ರಶ್ನೆ: ಜಗತ್ತಿನ ಈ ಮಿಥ್ಯಾತ್ವ ಸತ್ಯವೋ, ಅದೂ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮವಲ್ಲದೆ ಎರಡನೆಯದೊಂದು ಸತ್ಯ ಉಂಟಾಯಿತು, ಅದ್ವೈತಕ್ಕೆ ಭಂಗ. ಮಿಥ್ಯೆಯೆಂದರೆ ಜಗತ್ತೇ ಸತ್ಯವೆಂದು ಒಪ್ಪಿದಂತಾಯಿತು.

ಇದಕ್ಕೆ ಉತ್ತರ ಬಂದದ್ದು ಕಾಶಿಯಿಂದ. ವಂಗದೇಶದಲ್ಲಿ ಹುಟ್ಟಿದ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ನ್ಯಾಯಾಮೃತವನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿ ಸಮಾಧಾನ ಹೇಳಿದರು. ಆನೆ ಹಸುವಲ್ಲವೆಂದ ಮಾತ್ರಕ್ಕೆ ಅದು ಕುದುರೆಯಾಗುವುದಿಲ್ಲ; ಆನೆಯಲ್ಲಿ ಗೋತ್ವವೂ ಇಲ್ಲ, ಅಶ್ವತ್ವವೂ ಇಲ್ಲ. ಒಂದೇ ಕಾರಣದಿಂದ ಎರಡನ್ನೂ ನಿಷೇಧಿಸಿದಾಗ ಒಂದರ ನಿಷೇಧದಿಂದ ಮತ್ತೊಂದು ಸಿದ್ಧಿಸದು ಎಂಬುದು ಅವರ ವಾದ. ಮಾಧ್ವರಾದ ರಾಮಾಚಾರ್ಯರು ‘ತರಂಗಿಣಿ’ಯಲ್ಲಿ ಇದನ್ನು ಪ್ರಶ್ನಿಸಿದರು, ಗೌಡ ಬ್ರಹ್ಮಾನಂದರು ಅದ್ವೈತದ ಪರವಾಗಿ ಮರುನುಡಿದರು, ಅವರಿಗೆ ವನಮಾಲಿಮಿಶ್ರರು ಉತ್ತರ ಬರೆದರು. ಹೀಗೆ ಅಬ್ಬೂರಿನ ಗುರುವಿನ ಶಿಷ್ಯರೊಬ್ಬರು ಎತ್ತಿದ ಪ್ರಶ್ನೆ ಅವರ ಕಾಲಾನಂತರವೂ ತಲೆಮಾರುಗಳವರೆಗೆ ಭಾರತದ ಉದ್ದಗಲಕ್ಕೂ ಪಂಡಿತರನ್ನು ಎಚ್ಚರವಾಗಿಟ್ಟಿತು.

ಇಷ್ಟೆಲ್ಲ ಆದರೂ ಎರಡು ಮತಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಉಳಿದವಲ್ಲ, ಪ್ರಯೋಜನವೇನು ಬಂತು, ಎಂದು ಯಾರಾದರೂ ಕೇಳಬಹುದು. ಮತಗಳು ಉಳಿದುವು, ನಿಜ. ಆದರೆ ಇದ್ದಂತೆಯೇ ಉಳಿಯಲಿಲ್ಲ. ಪ್ರತಿಯೊಂದು ಪದಕ್ಕೂ ಅರ್ಥ ಗೊತ್ತುಮಾಡಬೇಕಾಯಿತು. ಸಡಿಲವಾದ ಯುಕ್ತಿಗಳನ್ನು ಕೈಬಿಡಬೇಕಾಯಿತು. ಇಂದಿಗೂ ಅದ್ವೈತಸಿದ್ಧಿಯನ್ನು ಸರಿಯಾಗಿ ಓದಬಯಸುವ ಅದ್ವೈತಿ ನ್ಯಾಯಾಮೃತವನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ಎದುರಾಳಿಯ ಗ್ರಂಥವೇ ತನ್ನ ಸಿದ್ಧಾಂತಕ್ಕೆ ಪ್ರವೇಶದ್ವಾರವಾಗುವುದು ಸಾಮಾನ್ಯ ಸಂಗತಿಯಲ್ಲ.

ನಮ್ಮ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆಯುವುದು ಜಲ್ಪ. ತನ್ನ ಪಕ್ಷವನ್ನೇ ಸ್ಥಾಪಿಸದೆ ಪರರದನ್ನು ಕೆಡಹುವುದು ವಿತಂಡ. ಆ ಕಾಲದ ಸಭೆಗಳಲ್ಲಿ ನಡೆದುದೆಲ್ಲ ಶುದ್ಧವಾದ ವಾದವೇ ಎಂದು ಭಾವಿಸಬೇಕಾಗಿಲ್ಲ. ಚಂದ್ರಗಿರಿಯಲ್ಲಿಯೂ ವಿಜಯನಗರದಲ್ಲಿಯೂ ರಾಜಾಶ್ರಯದ ಪ್ರಶ್ನೆ ವಿದ್ವತ್ತಿನೊಡನೆ ಹೆಣೆದುಕೊಂಡಿತ್ತು. ವ್ಯಾಸತೀರ್ಥರಿಗೆ ಕೃಷ್ಣದೇವರಾಯನ ದತ್ತಿಗಳು ಸಂದಿದ್ದುವು. ವ್ಯಾಲೆರಿ ಸ್ಟೋಕರ್ ಎಂಬ ವಿದುಷಿ 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಟನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ.

ಇನ್ನೊಂದು ಮಿತಿಯೂ ಉಂಟು. ಜಗತ್ತು ಸತ್ಯವೇ ಎಂದು ಕೇಳಿದ ಆ ಸಂಸ್ಕೃತ ಸಭೆ, ತನ್ನ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬಹುದೆಂದು ಕೇಳಿಕೊಂಡದ್ದು ಕಡಿಮೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದವರು ಕನಕದಾಸರು. ಯಾರೂ ಇಲ್ಲದ ಕಡೆ ಬಾಳೆಯ ಹಣ್ಣು ತಿಂದು ಬನ್ನಿರೆಂದು ವ್ಯಾಸರಾಯರು ಹೇಳಿದಾಗ, ದೇವರಿಲ್ಲದ ಎಡೆ ಸಿಕ್ಕಲಿಲ್ಲವೆಂದು ಕನಕರು ಹಣ್ಣನ್ನು ಹಿಂದಕ್ಕೆ ತಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಉಳಿದ ಶಿಷ್ಯರು ಅಪ್ಪಣೆಯನ್ನು ಪಾಲಿಸಿದರು. ಕನಕರು ಅದರ ಅರ್ಥವನ್ನು ವಿಚಾರಿಸಿದರು. ಗುರು ಮೆಚ್ಚಿದ್ದು ವಿಚಾರಿಸಿದವರನ್ನು. ಕಥೆ ಐತಿಹ್ಯವೇ ಇರಲಿ, ಕನ್ನಡ ಜನ ವ್ಯಾಸರಾಯರನ್ನು ನೆನೆಯಲು ಈ ಕಥೆಯನ್ನು ಆರಿಸಿಕೊಂಡರೆಂಬುದು ಸುಳ್ಳಲ್ಲ.

ವ್ಯಾಸತೀರ್ಥರು 1539ರಲ್ಲಿ ಕಾಲವಾದರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅವರ ಸಿದ್ಧಾಂತವನ್ನು ಒಪ್ಪುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ಪರಪಕ್ಷವನ್ನು, ಆ ಪಕ್ಷದವರೇ ‘ಹೌದು, ನಾವು ಹೇಳುವುದು ಇದೇ’ ಎಂದು ಒಪ್ಪುವಷ್ಟು ಸ್ಪಷ್ಟವಾಗಿ ಮೊದಲು ನಿರೂಪಿಸಿ, ಆ ಬಳಿಕವೇ ಖಂಡನೆಗೆ ತೊಡಗುವ ಕ್ರಮ ಎಲ್ಲ ಪಕ್ಷದವರಿಗೂ ಸಲ್ಲುತ್ತದೆ. ಪಂಚಾಯಿತಿಯ ಕಟ್ಟೆಯಿಂದ ಶಾಸನಸಭೆಯವರೆಗೆ ಮಾತನಾಡುವ ನಾವೆಲ್ಲ ಅಷ್ಟನ್ನಾದರೂ ಅಬ್ಬೂರಿನ ಪರಂಪರೆಯಿಂದ ಕಲಿಯಬಹುದು.