ಕನ್ನಡ ಜಿಲ್ಲೆಯ ಕ್ರೈಸ್ತ ಸಭೆಗಳ ಜೀರ್ಣೋದ್ಧಾರ

ಶಿಥಿಲವಾದ ದೇವಾಲಯವನ್ನು ಮರಳಿ ಕಟ್ಟುವ ಕಾರ್ಯಕ್ಕೆ ಶಾಸ್ತ್ರಕಾರರು ಜೀರ್ಣೋದ್ಧಾರವೆಂದು ಹೆಸರಿಟ್ಟು, ಹೊಸದೊಂದನ್ನು ಕಟ್ಟಿಸುವುದಕ್ಕಿಂತ ಅದರ ಪುಣ್ಯವೇ ಅಧಿಕವೆಂದು ಹೊಗಳಿರುವರು. ಕಲ್ಲು ಮರಗಳ ಆಲಯಕ್ಕೆ ಸಲ್ಲುವ ಈ ಮಾತು ಜನಸಮುದಾಯಕ್ಕೂ ಸಲ್ಲತಕ್ಕುದೇ. ಬಿದ್ದ ಗೋಡೆಯನ್ನು ಗಾರೆಯಿಂದ ಎಬ್ಬಿಸಬಹುದು; ಚದುರಿಹೋದ ಭಕ್ತಸಮೂಹವನ್ನು ಯಾವುದರಿಂದ ಎಬ್ಬಿಸುವುದು? ಈ ಪ್ರಶ್ನೆಗೆ ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರ ಚರಿತ್ರೆಯು ಕೊಡುವ ಉತ್ತರವು, ಯಾವ ಮತದವರಿಗಾದರೂ ಮನನಯೋಗ್ಯವಾದುದು.

ನೇತ್ರಾವತಿಯ ದಡದ ಬಂಟವಾಳ, ಘಟ್ಟದ ಬುಡದ ಬೆಳ್ತಂಗಡಿ, ಜೈನಕಾಶಿಯೆನಿಸಿದ ಮೂಡುಬಿದಿರೆ, ಈ ಮೂರು ಸೀಮೆಗಳಲ್ಲಿ ಇಗರ್ಜಿಯ ಗಂಟೆ ಕೇಳದ ಮಾಗಣೆ ವಿರಳ. ಈ ಜನರ ಪೂರ್ವಜರು ಹದಿನಾರನೆಯ ಶತಮಾನದಿಂದ ಮುಂದಕ್ಕೆ ಗೋವೆಯ ಕಡೆಯಿಂದ ಬಂದು, ಕೆಳದಿಯ ನಾಯಕರ ಆಶ್ರಯದಲ್ಲಿ ಬೇಸಾಯಗಾರರಾಗಿ ನೆಲೆಸಿದರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಹೀಗೆ ಮೂರು ಭಾಷೆಗಳಲ್ಲಿ ಅವರ ಬಾಳು ಸಾಗಿತು.

ಈ ಸಭೆಗೆ ಮೊದಲು ಬಂದ ಕ್ಷಯವು ಹೊರಗಿನಿಂದ ಬಂದುದಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ತುಗಲ್ಲಿನ ಅರಸನ ಹಕ್ಕಿಗೆ ಒಳಪಟ್ಟ ಗೋವೆಯ ಆರ್ಚ್‌ಬಿಷಪ್ಪರ ಪಕ್ಷವೊಂದು, ರೋಮಿನ ಪ್ರೊಪಗಾಂಡ ಸಂಘದಿಂದ ನಿಯುಕ್ತರಾದ ಬಿಷಪ್ ತೋಮಸ್ ದೆ ಕಾಸ್ತ್ರೊರವರ ಪಕ್ಷವೊಂದು ಆಗಿ, ಯಾರ ಕೈಯಿಂದ ಪಡೆದ ಸಂಸ್ಕಾರವು ಸಿಂಧುವೆಂಬ ವಿವಾದದಲ್ಲಿ ಜನರು ಇಬ್ಭಾಗವಾದರು. 1681ರಲ್ಲಿ ಗೋವೆಯಿಂದ ಬಂದ ಜೋಸೆಫ್ ವಾಸರೆಂಬ ಯುವಯಾಜಕರು ಸುಮಾರು ಮೂರು ವರ್ಷ ಈ ನಾಡಿನಲ್ಲಿದ್ದು, ಉಭಯಪಕ್ಷಗಳ ನಡುವೆ ಸಂಧಾನಕ್ಕಾಗಿ ಶ್ರಮಿಸಿದರು. ಬರಿಗಾಲಿನಲ್ಲಿ ಊರೂರು ಸುತ್ತಿ, ಶಾಲೆಗಳನ್ನೂ ಭಕ್ತಸಂಘಗಳನ್ನೂ ನೆಲೆಗೊಳಿಸಿದರು. ಬಂಟವಾಳಕ್ಕೆ ದಕ್ಷಿಣದ ಮುಡಿಪು ಗುಡ್ಡದಲ್ಲಿ ಅವರ ಸ್ಮರಣೆಯ ಕ್ಷೇತ್ರವು ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿದೆ. 1687ರಲ್ಲಿ ಅವರು ಲಂಕೆಗೆ ತೆರಳಿ, ಡಚ್ಚರ ಆಳ್ವಿಕೆಯಲ್ಲಿ ಯಾಜಕರಿಲ್ಲದೆ ಸೊರಗಿದ್ದ ಸಭೆಯನ್ನು ಬದುಕಿಸಿದರು. 2015ನೆಯ ಜನವರಿ 14ರಂದು ಕೊಲಂಬೊ ನಗರದಲ್ಲಿ ಅವರಿಗೆ ಸಂತಪದವಿಯು ಘೋಷಿತವಾಯಿತು.

ಎರಡನೆಯ ವಿಪತ್ತು ಇದಕ್ಕಿಂತ ಘೋರವಾದುದು. ಎರಡನೆಯ ಮೈಸೂರು ಯುದ್ಧದಲ್ಲಿ ಈ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ನೆಯ ಫೆಬ್ರುವರಿಯಲ್ಲಿ, ಅವರ ಉಪವಾಸಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು, ಅವರನ್ನು ಒಟ್ಟಾಗಿ ಸೆರೆಹಿಡಿಸಿದನು. ಸೆರೆಯಾದವರು ಮೂವತ್ತು ಸಾವಿರವೆಂದು ಕೆಲವರೂ, ಅದರ ಎರಡರಷ್ಟಕ್ಕೂ ಮೇಲೆಂದು ಕೆಲವರೂ ಬರೆದಿರುವರು. ಯಾಜಕರನ್ನು ಗೋವೆಗೆ ಅಟ್ಟಲಾಯಿತು, ಆಸ್ತಿಗಳು ಮುಟ್ಟುಗೋಲಾದುವು, ಇಗರ್ಜಿಗಳು ನೆಲಸಮವಾದುವು. ಬೆಳ್ತಂಗಡಿಯ ಬಳಿ, ಮುಂದೆ 1794ರಲ್ಲಿ ಕೋಟೆಯೆದ್ದು ಜಮಲಾಬಾದೆಂದು ಹೆಸರಾದ ಗಡಾಯಿಕಲ್ಲಿನ ಮಾರ್ಗವಾಗಿ, ಆಬಾಲವೃದ್ಧರೂ ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಹಸಿವಿನಿಂದಲೂ ರೋಗದಿಂದಲೂ ದಾರಿಯಲ್ಲಿಯೇ ಅಸುನೀಗಿದವರು ಅಸಂಖ್ಯರು. ಬದುಕಿ ತಲುಪಿದವರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರ ಹೊಂದಿದರು. ಇದೇ ಸುಲ್ತಾನನು 1791ರಲ್ಲಿ ಮರಾಠಾ ದಂಡಿನಿಂದ ಸೂರೆಯಾದ ಶೃಂಗೇರಿಯ ಮಠಕ್ಕೆ ಧನಸಹಾಯ ಮಾಡಿದನೆಂಬುದೂ ಚರಿತ್ರೆಯೇ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚುವುದು ಇತಿಹಾಸಕಾರನ ಧರ್ಮವಲ್ಲ.

ಈ ಕತ್ತಲೆಯಲ್ಲಿ ಒಂದು ದೀಪವು ಆರದೆ ಉಳಿಯಿತು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು, ಅಲ್ಲಿನ ಚೌಟ ಅರಸನ ದಾಕ್ಷಿಣ್ಯದಿಂದ, ಅಳಿಯದೆ ಉಳಿಯಿತೆಂದು ಈ ನಾಡಿನ ಕ್ರೈಸ್ತರ ಇತಿಹಾಸವು ಕೃತಜ್ಞತೆಯಿಂದ ಸ್ಮರಿಸುತ್ತದೆ. ಚೌಟರು ಜೈನರು, ಅರಸೊತ್ತಿಗೆಯ ಬಲವೂ ಆಗ ಅವರಲ್ಲಿ ಬಹಳ ಉಳಿದಿರಲಿಲ್ಲ. ಆದರೂ ತಮ್ಮ ಮತವಲ್ಲದ ಮತದ ಒಂದು ಗುಡಿಗಾಗಿ ಪ್ರಬಲನೊಡನೆ ಮಾತನಾಡುವ ಧೈರ್ಯವು ಆ ಮನೆತನಕ್ಕಿತ್ತು. ಸಾವಿರ ಕಂಬದ ಬಸದಿಯ ಊರಿಗೆ ಇದು ಭೂಷಣವೇ ಸರಿ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಮೇಲೆ ಸೆರೆಯಾಳುಗಳಿಗೆ ಬಿಡುಗಡೆಯಾಯಿತು. 1801ರಲ್ಲಿ ಈ ಜಿಲ್ಲೆಯನ್ನು ಸುತ್ತಿದ ಬುಕಾನನ್ನನು, ಅಷ್ಟರಲ್ಲಿಯೇ ಹದಿನೈದು ಸಾವಿರ ಮಂದಿ ಮಂಗಳೂರು ಮತ್ತು ಅದರ ಸುತ್ತಲಿಗೆ ಮರಳಿದ್ದರೆಂದೂ, ಮಲೆಯಾಳ ಸೀಮೆಗೆ ತಪ್ಪಿಸಿಕೊಂಡಿದ್ದ ಹತ್ತು ಸಾವಿರ ಮಂದಿ ತಮ್ಮ ಬಡತನವು ಅವಕಾಶ ಕೊಟ್ಟಂತೆಲ್ಲ ಹಿಂದಿರುಗುತ್ತಿದ್ದರೆಂದೂ ಬರೆದಿರುವನು. ಮರಳಿದವರ ಮುಂದೆ ಎರಡು ಪ್ರಶ್ನೆಗಳಿದ್ದುವು: ಬಲಾತ್ಕಾರದಿಂದ ಮತ ಬಿಟ್ಟವರನ್ನು ಸಭೆಯು ಸೇರಿಸಿಕೊಳ್ಳುವುದೆ? ಕಳೆದುಕೊಂಡ ನೆಲವು ಕೈಗೆ ಬರುವುದೆ?

ಮೊದಲನೆಯ ಪ್ರಶ್ನೆಯು ಹೊಸದಲ್ಲ. ಮೂರನೆಯ ಶತಮಾನದಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ಸನ ಹಿಂಸೆಗೆ ಅಂಜಿ ಮತ ಬಿಟ್ಟವರನ್ನು ಕುರಿತು ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಕಾಲದಲ್ಲಿ ಇದೇ ಚರ್ಚೆ ನಡೆದು, ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ತೆರೆಯಿತು. ಸಂಸ್ಕೃತದಲ್ಲಿಯೂ ದೇವಲಸ್ಮೃತಿಯು, ಪರಮತೀಯರಿಂದ ಬಲಾತ್ಕಾರಕ್ಕೊಳಗಾದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸಿ ಸ್ವಜನರೊಳಗೆ ಸೇರಿಸುವ ಮಾರ್ಗವನ್ನು ಹೇಳುತ್ತದೆ. ಶ್ರೀರಂಗಪಟ್ಟಣದಲ್ಲಿ ಈ ಕಾರ್ಯವು ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದುಬುವಾರವರ ಪಾಲಿಗೆ ಬಂದಿತು. ಮೈಸೂರು ಸೀಮೆಯ ಜನರು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದ ಈ ಯಾಜಕರು, ಸೆರೆಯಾದವರು ಹಿಂಸೆಯನ್ನು ಎದುರಿಸಿ ನಿಲ್ಲಲಿಲ್ಲವೆಂದು ಮುಂದೆ ಕಟುವಾಗಿ ಬರೆದರು. ಆದರೆ ಬಂದವರನ್ನು ಮರಳಿ ಸೇರಿಸಿಕೊಂಡರು. ಕಠಿನವಾದ ವಿಮರ್ಶೆಯೂ ಮೃದುವಾದ ಆಚರಣೆಯೂ ಒಬ್ಬರಲ್ಲಿಯೇ ಕೂಡಿದ್ದುದು ಗಮನಾರ್ಹ. ದಂಡಿಸಿ ದೂರವಿಟ್ಟಿದ್ದರೆ ಆ ಸಭೆಯು ಅಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ಪ್ರಶ್ನೆಗೆ ಉತ್ತರವು ಸರಕಾರದ ಕೈಯಲ್ಲಿತ್ತು. ಕಲೆಕ್ಟರ ರೇವನ್‌ಷಾ ದೊರೆಯು ಅವರ ಹಿಂದಿನ ಭೂಮಿಗಳನ್ನು ದೊರಕಿಸುವುದರಲ್ಲಿ ಶ್ರದ್ಧೆ ವಹಿಸಿದನು. ನೆಲವು ಸಿಕ್ಕಿದಲ್ಲಿ ಉಳುಮೆ, ಉಳುಮೆಯ ಹಿಂದೆ ಇಗರ್ಜಿ, ಇದೇ ಕ್ರಮ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು 1811ರಲ್ಲಿಯೂ, ರೊಸಾರಿಯೊ ಇಗರ್ಜಿಯು 1813ರಲ್ಲಿಯೂ ಮರಳಿ ಎದ್ದುವು.

ಇವೆರಡಕ್ಕಿಂತಲೂ ಆಳವಾದ ಬೇರು ಮನೆಯಲ್ಲಿತ್ತು. ಪ್ರತಿ ವಾಡೆಯಲ್ಲಿ ಗುರಿಕಾರನೆಂಬ ಗೃಹಸ್ಥನು ಮದುವೆ ಮರಣಗಳಲ್ಲಿ ಮುಂದಾಳಾಗಿ ನಿಂತು, ವ್ಯಾಜ್ಯಗಳನ್ನು ಪರಿಹರಿಸುತ್ತಿದ್ದನು. ಸಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಇಗರ್ಜಿಯಿಂದ ತಂದು, ಅದರ ಕಾಳುಗಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಕುಟುಂಬದವರೆಲ್ಲ ಒಂದೆಡೆ ಕುಳಿತು ಉಣ್ಣುವರು. ಈ ಹಬ್ಬವು ಬಂಟವಾಳ ಸೀಮೆಯ ಫರಂಗಿಪೇಟೆಯಲ್ಲಿ, ನದಿಯ ದಡದ ಮೊಂತೆ ಮರಿಯಾನೊ ಮಠದಲ್ಲಿ ಪಾದ್ರಿ ಮಿರಾಂದರವರಿಂದ 1763ರಲ್ಲಿ ಮೊದಲಾಯಿತೆಂಬುದು ಪ್ರತೀತಿ. ತುಳುವರ ಪುದ್ದಾರಿನ ಊಟವನ್ನು ಬಲ್ಲವರಿಗೆ ಇದರ ಬಾಂಧವ್ಯವನ್ನು ವಿವರಿಸಬೇಕಾಗಿಲ್ಲ. ಯಾಜಕನನ್ನು ಗಡೀಪಾರು ಮಾಡಬಹುದು. ಹೊಸ ಅಕ್ಕಿಯ ನೆನಪನ್ನು ಗಡೀಪಾರು ಮಾಡಲಾಗದು.

ಮರಳಿ ಚಿಗುರಿದ ಸಭೆಯಲ್ಲಿ ಹಳೆಯ ರೋಗವೂ ಮರಳಿತು. 1838ರಲ್ಲಿ ರೋಮಿನಿಂದ ಹೊರಟ ಶಾಸನದಿಂದ ಗೋವೆಯ ಪಕ್ಷ ಪ್ರೊಪಗಾಂಡದ ಪಕ್ಷಗಳ ಜಗಳವು ಪುನಃ ಎದ್ದಿತು. 1878ರ ಕೊನೆಯಲ್ಲಿ ಜೆಸುವಿತ್ ಯಾಜಕರು ಬಂದಮೇಲೆ ವಿದ್ಯೆಯ ಕಡೆಗೆ ಜನರ ಚಿತ್ತವು ತಿರುಗಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1886ರಲ್ಲಿ ಮಂಗಳೂರು ಧರ್ಮಪ್ರಾಂತವು ಸ್ಥಾಪಿತವಾದುವು. ಪಾದ್ರಿ ಮಾಫೈಯವರು 1882ರಲ್ಲಿ ಕೊಂಕಣಿಯ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಕನ್ನಡ ಲಿಪಿಯಲ್ಲಿ 1912ರಲ್ಲಿ ‘ಕೊಂಕ್ಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಪತ್ರಿಕೆಗಳು ಹೊರಟು, ಮನೆಮಾತು ಓದುವ ಮಾತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ಬೆಳ್ತಂಗಡಿಯ ಮಲೆಯಂಚಿನಲ್ಲಿ ತೋಟ ಮಾಡಿ ನೆಲೆಸಲು, ಅವರಿಗಾಗಿ 1999ರಲ್ಲಿ ಸಿರೊ ಮಲಬಾರ್ ಪದ್ಧತಿಯ ಬೆಳ್ತಂಗಡಿ ಧರ್ಮಪ್ರಾಂತವು ಏರ್ಪಟ್ಟಿತು. ಸೆರೆಯಾಳುಗಳು ನಡೆದುಹೋದ ದಾರಿಯ ಊರು ಬಿಷಪ್ಪರ ಪೀಠವಾದುದು ಕಾಲದ ವೈಚಿತ್ರ್ಯ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಶತ್ರುವಿನಿಂದ ಬಂದ ನಾಶವನ್ನು ಈ ಸಭೆಯು ಒಂದು ತಲೆಮಾರಿನಲ್ಲಿ ದಾಟಿತು; ಒಳಜಗಳವನ್ನು ದಾಟಲು ಎರಡು ಶತಮಾನಗಳು ಹಿಡಿದುವು. ಕ್ಷೀಣಿಸಿದ ಸಮುದಾಯವನ್ನು ಉದ್ಧರಿಸಹೊರಟವರು ಮೊದಲು ಗೋಪುರದ ಎತ್ತರವನ್ನು ಅಳೆಯತಕ್ಕುದಲ್ಲ. ದಾರಿ ತಪ್ಪಿದವನಿಗೆ ಬಾಗಿಲು ತೆರೆದಿದೆಯೆ, ಬಡವನಿಗೆ ನೆಲವುಂಟೆ, ಮಕ್ಕಳಿಗೆ ಮನೆಮಾತಿನ ವಿದ್ಯೆಯುಂಟೆ, ನೆರೆಯವನೊಡನೆ ಸ್ನೇಹವುಂಟೆ ಎಂಬುದನ್ನು ಮೊದಲು ನೋಡಬೇಕು. ಇವು ನಾಲ್ಕೂ ಇದ್ದಲ್ಲಿ ಗೋಪುರವು ತಾನಾಗಿಯೇ ಏಳುವುದು.