ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿ: ಇತಿಹಾಸ ಮತ್ತು ಬಣ್ಣಭೇದಗಳು

ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆಗೆಂದೇ ಸಾಕುವ ಬಾತುಕೋಳಿ ತಳಿ. ಒಳ್ಳೆಯ ಸಾಕಣೆಯಲ್ಲಿ ಹೆಣ್ಣೊಂದು ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಕರ್ನಾಟಕದಲ್ಲಿ ಇದನ್ನು ಪರಿಚಯಿಸಿ ಬೆಳೆಸಿದ್ದು ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ತಳಿ ಕೇಂದ್ರ. ಮಾಸಲು ಕಂದು ಮೈಬಣ್ಣವನ್ನೇ ಇದರ ಶುದ್ಧತೆಯ ಗುರುತೆಂದು ನಂಬುವವರು ಬಹಳ. ಆದರೆ ಆ ಬಣ್ಣ ತಳಿಗೆ ಹೆಸರು ಕೊಟ್ಟಿತು, ಮೊಟ್ಟೆ ಕೊಡಲಿಲ್ಲ.

ತಳಿಯ ಇತಿಹಾಸವೇ ಇದಕ್ಕೆ ಮೊದಲ ಸಾಕ್ಷಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಯೂಲಿ ಗ್ರಾಮದ ಅಡೀಲ್ ಕ್ಯಾಂಪ್‌ಬೆಲ್ ಎಂಬಾಕೆಗೆ ಬೇಕಿದ್ದದ್ದು ಹೆಚ್ಚು ಮೊಟ್ಟೆ ಇಡುವ, ಜೊತೆಗೆ ಒಂದಿಷ್ಟು ಮೈ ತುಂಬಿದ ಬಾತು. ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಇಂಡಿಯನ್ ರನ್ನರ್ ಹೆಣ್ಣಿಗೆ ರೂಆನ್ ಎಂಬ ತಳಿಯ ಗಂಡನ್ನು ಕೂಡಿಸಿ, ಕಾಡುಬಾತಿನ ರಕ್ತವನ್ನೂ ಸೇರಿಸಿ 1898ರಲ್ಲಿ ಆಕೆ ಹೊಸ ತಳಿಯನ್ನು ಜನರ ಮುಂದಿಟ್ಟರು. (ರನ್ನರ್ ಮೂಲತಃ ಭಾರತದ್ದಲ್ಲ, ಜಾವಾ ಮತ್ತು ಅದರ ನೆರೆಯ ದ್ವೀಪಗಳದ್ದು.) ಆ ಮೊದಲ ಕ್ಯಾಂಪ್‌ಬೆಲ್‌ಗಳು ಖಾಕಿಯಾಗಿರಲಿಲ್ಲ. ಆಗ ತಿಳಿಹಳದಿ ಬಾತುಗಳಿಗೆ ಬೇಡಿಕೆಯಿತ್ತು. ಆ ಬಣ್ಣ ಪಡೆಯಲು ಮತ್ತೆ ರನ್ನರ್ ಜೊತೆ ಬೆರೆಸಿದಾಗ ಬಂದದ್ದು ಸೈನಿಕರ ಸಮವಸ್ತ್ರದ ಬಣ್ಣ. 1901ರಲ್ಲಿ ಅದಕ್ಕೆ ಖಾಕಿ ಎಂಬ ಹೆಸರು ಬಿತ್ತು. ಮೊಟ್ಟೆಯ ಗುಣ ಮೊದಲು ಬಂತು, ಬಣ್ಣ ಆಮೇಲೆ. ಅದೂ ಬಯಸಿದ ಬಣ್ಣವಲ್ಲ.

ತಳಿಯಲ್ಲಿ ಖಾಕಿ, ಬಿಳಿ, ಗಾಢ ಎಂಬ ಮೂರು ಬಣ್ಣಗಳು ಹೆಸರಾಗಿವೆ. ಖಾಕಿಯಲ್ಲಿ ಹೆಣ್ಣಿನದು ಮೈಯೆಲ್ಲ ಒಂದೇ ಕಂದು, ಗಂಡಿನ ತಲೆ ಹಸಿರು ಮಿಶ್ರಿತ ಕಂಚು. ಬಿಳಿ ಭೇದ ಖಾಕಿ ಹಿಂಡಿನಲ್ಲೇ ಹುಟ್ಟಿದ್ದು. ಗಾಢ ಭೇದವನ್ನು ಮಾಡಿದ್ದು ಅಂದಕ್ಕಲ್ಲ, ಮರಿಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸಲು. ಖಾಕಿ ಛಾಯೆ ಕೊಡುವ ವಂಶವಾಹಿ ಲಿಂಗ ವರ್ಣತಂತುವಿನ ಮೇಲಿರುತ್ತದೆ, ಅದು ಅಪ್ರಬಲ. ಹಕ್ಕಿಗಳಲ್ಲಿ ಗಂಡಿಗೆ ಆ ವರ್ಣತಂತು ಎರಡು, ಹೆಣ್ಣಿಗೆ ಒಂದೇ. ಹಾಗಾಗಿ ಖಾಕಿ ಗಂಡಿಗೆ ಗಾಢ ಹೆಣ್ಣನ್ನು ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಖಾಕಿ, ಗಂಡುಮರಿಗಳೆಲ್ಲ ಗಾಢ.

ಬಣ್ಣವನ್ನೂ ನಂಬದಿದ್ದರೆ ಕೊಳ್ಳುವವನು ಇನ್ನೇನು ನೋಡಬೇಕು ಎಂಬ ಆಕ್ಷೇಪ ಸಹಜ. ಬಣ್ಣವೊಂದೇ ಏಕೆ ಸಾಲದು ಎಂಬುದಕ್ಕೆ ಮೇಲಿನ ಲೆಕ್ಕದಲ್ಲೇ ಉತ್ತರವಿದೆ. ಖಾಕಿ ಗಂಡನ್ನು ನಾಟಿ ಹೆಣ್ಣಿಗೆ ಬಿಟ್ಟರೂ ಹೆಣ್ಣುಮರಿಗಳಿಗೆ ತಂದೆಯ ಕಂದು ಛಾಯೆಯೇ ಬರುತ್ತದೆ. ಅರ್ಧ ರಕ್ತದ ಹಕ್ಕಿ ಶುದ್ಧ ಖಾಕಿಯೆಂದು ಮಾರಾಟವಾಗಬಹುದು. ಅಂಥವುಗಳ ಕಣ್ಣಿನ ಪಕ್ಕದ ಗೆರೆಯನ್ನು ಪಳಗಿದ ಕಣ್ಣು ಹಿಡಿದೀತು, ಸಂತೆಯ ಗದ್ದಲದಲ್ಲಿ ಅದು ಕಷ್ಟ. ಇದಕ್ಕೆ ತಿರುಗುಮುರುಗಾಗಿ, ಶುದ್ಧ ಹಿಂಡಿನಲ್ಲಿ ಅಡಗಿದ್ದ ಬಿಳಿ ಗುಣ ಎಷ್ಟೋ ಪೀಳಿಗೆಗಳ ಮೇಲೆ ತಲೆಯೆತ್ತಿದಾಗ ಅದನ್ನು ಬೆರಕೆಯೆಂದು ತೆಗೆದುಹಾಕುತ್ತಾರೆ. ಬಣ್ಣಕ್ಕೆ ಬೆಲೆಯೇ ಇಲ್ಲವೆಂದಲ್ಲ. ಮಾಂಸಕ್ಕೆಂದು ಸಾಕುವ ಪೆಕಿನ್ ತಳಿ ಬಿಳಿಯಾಗಿರುವುದಕ್ಕೆ ಕಾರಣವಿದೆ: ಕಿತ್ತ ಮೇಲೆ ಉಳಿದ ಪುಕ್ಕದ ಮೊಳಕೆ ಚರ್ಮದ ಮೇಲೆ ಕಪ್ಪಾಗಿ ಕಾಣುವುದಿಲ್ಲ. ಬಯಲಲ್ಲಿ ಮೇಯುವ ಹಿಂಡಿಗೆ ಮಣ್ಣಿನ ಬಣ್ಣ ಹದ್ದಿನ ಕಣ್ಣಿನಿಂದ ಕೊಂಚ ಮರೆ ಕೊಟ್ಟೀತು. ಆದರೆ ಮೊಟ್ಟೆಯ ಲೆಕ್ಕಕ್ಕೆ ಇವೆರಡೂ ಸಂಬಂಧಿಸಿದ್ದಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಬಣ್ಣಕ್ಕೂ ಮೊಟ್ಟೆಗೂ ನಡುವಿನ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ ಸೇರಿದ ಗಂಗಾವತಿ, ಕಾರಟಗಿ ಕಡೆ ಭತ್ತದ ಕಟಾವಾದ ಮೇಲೆ ಗದ್ದೆಗಿಳಿಯುವ ಅಲೆಮಾರಿ ಹಿಂಡುಗಳಲ್ಲಿ ಬಣ್ಣ ಬಗೆಬಗೆ. ಉದುರಿದ ಕಾಳು, ಹುಳ, ಬಸವನಹುಳುಗಳ ಮೇಲೆ ಅವು ಬದುಕುತ್ತವೆ. ಹಿಂಡಿನವರು ನೋಡುವುದು ನಡಿಗೆಯ ತಾಳಿಕೆ ಮತ್ತು ಮೊಟ್ಟೆ. ಅದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಮಾತ್ರ ಬಹುಪಾಲು ಮಳೆಯನ್ನೇ ನಂಬಿದ ಸೀಮೆ, ಅಲ್ಲಿ ಅಂಥ ಮೇವಿಲ್ಲ. ಹಾಗೆಂದು ಕ್ಯಾಂಪ್‌ಬೆಲ್‌ಗೆ ಕೆರೆಯೇ ಬೇಕೆಂದೇನಿಲ್ಲ. ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿನ ದೋಣಿ ಸಾಕು. ತೊಡಕು ಬೇರೆ ಕಡೆ ಇದೆ. ಈ ತಳಿ ಕಾವಿಗೆ ಕೂರುವುದು ಅಪರೂಪ. 28 ದಿನ ಮೊಟ್ಟೆಗೆ ಕಾವು ಕೊಡಲು ನಾಟಿ ಕೋಳಿ ಬೇಕು, ಇಲ್ಲವೇ ಯಂತ್ರ. ಹೀಗಾಗಿ ಮರಿ ಹೆಚ್ಚಾಗಿ ಬರುವುದು ಮರಿ ಮಾಡುವ ಕೇಂದ್ರದಿಂದ, ತಾಯಿ ಹಿಂಡು ಎಷ್ಟು ಮೊಟ್ಟೆಯಿಟ್ಟಿತು ಎಂಬ ದಾಖಲೆ ಕೇಳಬೇಕಾದದ್ದೂ ಅಲ್ಲೇ.